ಪದಚರ್ಚೆ: ‘ಒಪ್ಪಿದ’ ಕ್ರೆಡಿಟ್, ಪದವಿಗೆ ‘ಸಲ್ಲುವ’ ಕ್ರೆಡಿಟ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಬ್ಯಾಚುಲರ್ ಪದವಿ ಓದಲು ಹೊರಟವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಒಂದು ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್‌ಗಳೊಂದಿಗೆ (ಕ್ರೆಡಿಟ್ ಎಂದರೆ ಓದಿ ಮುಗಿಸಿದ ಕೋರ್ಸಿನ ಪ್ರಮಾಣದ ಅಳತೆ) ಇನ್ನೊಂದು ಕಡೆ ಸೇರುವವರ ಬಗ್ಗೆ ಅಲ್ಲಿನ ವಿಶ್ವವಿದ್ಯಾಲಯಗಳು ‘ಟ್ರಾನ್ಸ್‌ಫರಬಲ್’, ‘ಆಕ್ಸೆಪ್ಟೆಡ್’, ‘ಡಿಗ್ರಿ ಅಪ್ಲಿಕಬಲ್’ ಎಂಬ ಮೂರು ಮಾತುಗಳನ್ನು ಬಳಸುತ್ತವೆ. ಕರಡಿನಲ್ಲಿ ಈ ಮೂರಕ್ಕೂ ‘ಪರಿಗಣಿಸಲಾಗುವ ಕ್ರೆಡಿಟ್’ ಎಂದೇ ಇದೆ. ಇದು ಸಾಕೇ?

ಜೊತೆಗೆ ‘ರೆಸಿಡೆನ್ಸಿ’ಗೆ ‘ವಾಸ್ತವ್ಯದ ನಿಯಮ’ ಎಂದೂ, ‘ಅಪ್ಪರ್ ಡಿವಿಷನ್’ಗೆ ‘ಉನ್ನತ ದರ್ಜೆ’ ಎಂದೂ, ಕ್ಯಾಲಿಫೋರ್ನಿಯದವರು ಹೇಳುವ ‘ಯೂನಿಟ್’ಗೆ ‘ಘಟಕ’ ಎಂದೂ ಬರೆಯಲಾಗಿದೆ. ವಿಷಯ ಬಲ್ಲವರು ದಯವಿಟ್ಟು ನೋಡಿ ತಿಳಿಸಬೇಕು.

ಮೊದಲ ಉತ್ತರ

ಸಾಲದು. ‘ಪರಿಗಣಿಸಲಾಗುವುದು’ ಎಂಬ ಮಾತು ಕನ್ನಡಿಗರಿಗೆ ಪ್ರಕಟಣೆಗಳಿಂದ ಪರಿಚಿತ. ‘ಅರ್ಜಿಯನ್ನು ಪರಿಗಣಿಸಲಾಗುವುದು’ ಎಂದರೆ ನೋಡುತ್ತೇವೆ ಎಂದಷ್ಟೇ, ಕೊಡುತ್ತೇವೆ ಎಂದಲ್ಲ. ಕ್ರೆಡಿಟ್ ವಿಚಾರದಲ್ಲಿ ಈ ಮಸುಕು ದುಬಾರಿಯಾಗುತ್ತದೆ. ಇನ್ನೊಂದು ಸೆಮಿಸ್ಟರ್ ಓದಬೇಕೇ, ಅದರ ಶುಲ್ಕ ಕಟ್ಟಬೇಕೇ ಎಂಬುದೆಲ್ಲ ಈ ಒಂದು ಕ್ರಿಯಾಪದದ ಮೇಲೆ ನಿಂತಿದೆ.

ಪದ ಆರಿಸುವ ಮೊದಲು ಕಚೇರಿಯಲ್ಲಿ ಕೆಲಸ ನಡೆಯುವ ಕ್ರಮ ನೋಡೋಣ. ವಿದ್ಯಾರ್ಥಿ ಹಿಂದಿನ ಕಾಲೇಜಿನಿಂದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ಕೋರ್ಸು ಮತ್ತು ದರ್ಜೆಗಳ ದಾಖಲೆ, ಕಳಿಸಿಕೊಡುತ್ತಾನೆ. ಪ್ರವೇಶ ಕಚೇರಿ ಅಥವಾ ರಿಜಿಸ್ಟ್ರಾರ್ ಕಚೇರಿ ಮೊದಲ ಜರಡಿ ಹಿಡಿಯುತ್ತದೆ. ಆ ಕಾಲೇಜಿಗೆ ಮಾನ್ಯತೆ ಇದೆಯೇ, ಕೋರ್ಸ್ ಕಾಲೇಜು ಮಟ್ಟದ್ದೇ, ದರ್ಜೆ ಸಾಕಷ್ಟಿದೆಯೇ ಎಂದು ಅಲ್ಲಿ ನೋಡುತ್ತಾರೆ. ಅನೇಕ ಕಡೆ ‘ಸಿ’ ಅಥವಾ ಅದಕ್ಕಿಂತ ಮೇಲಿನ ದರ್ಜೆ ಬೇಕು. ಕೆಲವು ಕಡೆ ‘ಡಿ’ ಕೂಡ ನಡೆಯುತ್ತದೆ. ಇಲ್ಲಿ ಉಳಿದದ್ದು ‘ಆಕ್ಸೆಪ್ಟೆಡ್’. ಆಮೇಲೆ ವಿಭಾಗವೋ ಪದವಿ ಪರಿಶೀಲಕರೋ ಎರಡನೆಯ ಜರಡಿ ಹಿಡಿಯುತ್ತಾರೆ. ಈ ಕೋರ್ಸ್ ಈ ಪದವಿಯ ಯಾವ ಖಾನೆಗೆ ಕೂರುತ್ತದೆ? ಸಾಮಾನ್ಯ ಶಿಕ್ಷಣಕ್ಕೋ, ಮುಖ್ಯ ವಿಷಯಕ್ಕೋ, ಐಚ್ಛಿಕಕ್ಕೋ? ಖಾನೆ ಸಿಕ್ಕಿದ್ದು ಮಾತ್ರ ‘ಡಿಗ್ರಿ ಅಪ್ಲಿಕಬಲ್’. ಜರಡಿ ಎರಡು, ಹಿಡಿಯುವವರೂ ಬೇರೆ ಬೇರೆ. ಆದ್ದರಿಂದ ಒಂದೇ ಪದ ಇಟ್ಟರೆ ಮೊದಲ ಕಚೇರಿಯ ಪತ್ರ ಕೈಗೆ ಬಂದ ಕೂಡಲೇ ಎಲ್ಲ ಮುಗಿಯಿತೆಂದು ಓದುಗ ನಂಬುತ್ತಾನೆ. ಮೋಸಹೋಗುವುದು ಅಲ್ಲೇ.

ಕಲ್ಪಿತ ಲೆಕ್ಕವೊಂದನ್ನು ಇಡುತ್ತೇನೆ. ಕೈಪಿಡಿಗೂ ಇಂಥದ್ದೊಂದು ಬೇಕು. ಕಮ್ಯೂನಿಟಿ ಕಾಲೇಜಿನಲ್ಲಿ (ಮುಖ್ಯವಾಗಿ ಎರಡು ವರ್ಷದ ಓದಿನ ಸ್ಥಳೀಯ ಕಾಲೇಜು) 68 ಸೆಮಿಸ್ಟರ್ ಕ್ರೆಡಿಟ್ ಗಳಿಸಿದವರು ಒಬ್ಬರಿದ್ದಾರೆ ಎನ್ನಿ. ಅದರಲ್ಲಿ 3 ಕ್ರೆಡಿಟ್ ಗಣಿತದ ಪೂರ್ವಸಿದ್ಧತಾ ಕೋರ್ಸಿನವು. ಕಾಲೇಜು ಮಟ್ಟಕ್ಕಿಂತ ಕೆಳಗಿನ ಪಾಠವಾದ್ದರಿಂದ ಅವು ಹೋದವು, ಉಳಿದದ್ದು 65. 4 ಕ್ರೆಡಿಟ್‌ನ ಒಂದು ಕೋರ್ಸನ್ನು ದರ್ಜೆ ಸುಧಾರಿಸಲೆಂದು ಎರಡು ಬಾರಿ ಓದಿದ್ದಾರೆ. ಒಂದೇ ಬಾರಿ ಎಣಿಕೆ, ಹಾಗಾಗಿ 61. ಇನ್ನೊಂದು 3 ಕ್ರೆಡಿಟ್‌ನ ಕೋರ್ಸಿಗೆ ‘ಡಿ’ ಬಂದಿದೆ, ಉಳಿದದ್ದು 58. ವಿಶ್ವವಿದ್ಯಾಲಯ ಒಪ್ಪಿದ್ದು ಈ 58ನ್ನು. ಈಗ ಎರಡನೆಯ ಜರಡಿ: 36 ಸಾಮಾನ್ಯ ಶಿಕ್ಷಣಕ್ಕೆ, 12 ಮುಖ್ಯ ವಿಷಯದ ತಳಪಾಯಕ್ಕೆ ಕೂತವು. ಉಳಿದ 10 ಐಚ್ಛಿಕಕ್ಕೆ ಹೋಗಬೇಕು, ಆದರೆ ಆ ಪದವಿಯಲ್ಲಿ ಐಚ್ಛಿಕಕ್ಕೆ ಇರುವ ಜಾಗ 6 ಮಾತ್ರ. ಕೊನೆಗೆ ಪದವಿಗೆ ಬಂದದ್ದು 54. ಪದವಿಗೆ 120 ಬೇಕಿದ್ದರೆ ಓದಬೇಕಾದದ್ದು ಇನ್ನೂ 66. ಹೆಚ್ಚುವರಿ 4 ಕ್ರೆಡಿಟ್ ದಾಖಲೆಯಲ್ಲಿ ಕಾಣುತ್ತವೆ, ಒಟ್ಟು ಮೊತ್ತದಲ್ಲೂ ಸೇರಿರುತ್ತವೆ. ಪದವಿಯನ್ನು ಮಾತ್ರ ಹತ್ತಿರ ತರುವುದಿಲ್ಲ. ‘ನನ್ನ ಖಾತೆಯಲ್ಲಿ 120 ದಾಟಿದೆ, ಆದರೂ ಪದವಿ ಕೊಡುತ್ತಿಲ್ಲ’ ಎಂಬ ದೂರು ಹುಟ್ಟುವುದು ಇಂಥ ಕಡೆ.

ಈ ಎರಡನೆಯ ಹೆಜ್ಜೆಗೆ ಕನ್ನಡದಲ್ಲಿ ತಕ್ಕ ಕ್ರಿಯಾಪದ ‘ಸಲ್ಲು’. ನಾಣ್ಯ ಸಲ್ಲುತ್ತದೆ, ಸವಕಲು ನಾಣ್ಯ ಸಲ್ಲದು. ಲೋಹ ಇದ್ದರೂ ಅಂಗಡಿಯಲ್ಲಿ ನಡೆಯಬೇಕಲ್ಲ, ಆ ಅರ್ಥ ಇದರಲ್ಲಿ ಮೊದಲಿಂದಲೂ ಇದೆ. ಹಾಗಾಗಿ ‘ಗಳಿಸಿದ ಕ್ರೆಡಿಟ್’, ‘ಒಪ್ಪಿದ ಕ್ರೆಡಿಟ್’, ‘ಪದವಿಗೆ ಸಲ್ಲುವ ಕ್ರೆಡಿಟ್’ ಎಂದು ಮೂರು ಮೆಟ್ಟಿಲು ಮಾಡಿ. ಇನ್ನೂ ನಿರ್ಧಾರವಾಗದ ‘ಟ್ರಾನ್ಸ್‌ಫರಬಲ್’ಗೆ ‘ವರ್ಗಾವಣೆಗೆ ಅರ್ಹ’ ಎಂದರೆ ಸಾಕು.

ಒಂದು ಎಚ್ಚರಿಕೆ. ಇದನ್ನು ನಾಮಪದ ಮಾಡಿ ‘ಕ್ರೆಡಿಟ್ ಸಲ್ಲಿಕೆ’ ಎಂದು ಬರೆಯಬೇಡಿ. ‘ಸಲ್ಲಿಕೆ’ ಎಂದರೆ ಓದುಗರಿಗೆ ಅರ್ಜಿ ಸಲ್ಲಿಸುವುದು ನೆನಪಾಗುತ್ತದೆ. ಯಾವುದೋ ಫಾರಂ ತುಂಬಬೇಕು ಎಂದುಕೊಳ್ಳುತ್ತಾರೆ. ‘ಮಾನ್ಯ ಕ್ರೆಡಿಟ್’ ಕೂಡ ಬೇಡ. ಸಂಸ್ಥೆಯ ‘ಮಾನ್ಯತೆ’ ಬೇರೆಯೇ ವಿಷಯ, ಅದು ಮೊದಲ ಜರಡಿಗೆ ಸೇರಿದ್ದು. ಆ ಪದವನ್ನು ಅಲ್ಲಿಗೇ ಮೀಸಲಿಡಿ.

ಎರಡನೆಯ ಉತ್ತರ

‘ಸಲ್ಲುವ’ಕ್ಕೆ ನನ್ನ ಸಂಪೂರ್ಣ ಒಪ್ಪಿಗೆ. ಉಳಿದ ಮೂರು ಪದಗಳ ಬಗ್ಗೆ ಹೇಳುತ್ತೇನೆ.

‘ವಾಸ್ತವ್ಯದ ನಿಯಮ’ ಅಪಾಯಕಾರಿ ಅನುವಾದ. ಅಮೆರಿಕದ ಕಾಲೇಜುಗಳಲ್ಲಿ ‘ರೆಸಿಡೆನ್ಸಿ’ಗೆ ಎರಡು ಅರ್ಥ. ಮೊದಲನೆಯದು ಶುಲ್ಕದ್ದು: ಆ ರಾಜ್ಯದ ನಿವಾಸಿಗೆ ಕಡಿಮೆ ಶುಲ್ಕ, ಹೊರಗಿನವರಿಗೆ ಹೆಚ್ಚು. ಎರಡನೆಯದಕ್ಕೂ ಮನೆಗೂ ಸಂಬಂಧವೇ ಇಲ್ಲ. ಪದವಿ ಕೊಡುವ ಸಂಸ್ಥೆಯಲ್ಲೇ ಇಂತಿಷ್ಟು ಕ್ರೆಡಿಟ್ ಓದಿರಬೇಕು ಎಂಬ ನಿಯಮ ಅದು. ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇದು 30 ಸೆಮಿಸ್ಟರ್ ಯೂನಿಟ್. ಅದರೊಳಗೆ 24 ಮೇಲ್ಹಂತದವು (ಅಪ್ಪರ್ ಡಿವಿಷನ್), 12 ಮುಖ್ಯ ವಿಷಯದವು ಆಗಿರಬೇಕು. ದಕ್ಷಿಣ ರಾಜ್ಯಗಳ ಮಾನ್ಯತಾ ಮಂಡಳಿ ಕನಿಷ್ಠ ಶೇ 25 ಎನ್ನುತ್ತದೆ. 120ರ ಪದವಿಗೆ ಅದೂ 30 ಆಯಿತು. ಇನ್ನು ಕೆಲವು ಕಡೆ ‘ಕೊನೆಯ 30 ಇಲ್ಲೇ’ ಎಂಬ ಬಿಗಿಯಾದ ರೂಪವಿದೆ. ಕೊನೆಯ ಸೆಮಿಸ್ಟರಿನ ಒಂದು ಕೋರ್ಸನ್ನು ಬೇಸಿಗೆಯಲ್ಲಿ ಬೇರೆ ಕಾಲೇಜಿನಲ್ಲಿ ಅಗ್ಗವಾಗಿ ಮುಗಿಸೋಣ ಎಂದವರು ಸಿಕ್ಕಿಬೀಳುವುದು ಈ ರೂಪದಲ್ಲಿ. ಕೋರ್ಸ್ ಒಪ್ಪಿತವಾಗುತ್ತದೆ, ಖಾನೆಯೂ ತುಂಬುತ್ತದೆ, ಆದರೆ ಕೊನೆಯ 30ರ ಸರಣಿ ಮುರಿಯುತ್ತದೆ. ಮೊದಲೇ ಲಿಖಿತ ಅನುಮತಿ ಕೇಳಿದರೆ ವಿನಾಯಿತಿ ಸಿಗುವುದುಂಟು, ಓದಿ ಮುಗಿಸಿದ ಮೇಲೆ ಕಷ್ಟ.

ವಿಶ್ವವಿದ್ಯಾಲಯದ ಸ್ವಂತ ಆನ್‌ಲೈನ್ ಕೋರ್ಸ್ ಸಾಮಾನ್ಯವಾಗಿ ಇದಕ್ಕೆ ಸಲ್ಲುತ್ತದೆ. ಮನೆಯಲ್ಲಿ ಕೂತು ಓದಿದರೂ ‘ರೆಸಿಡೆನ್ಸಿ’ ಪೂರ್ತಿಯಾಗುತ್ತದೆ. ‘ವಾಸ್ತವ್ಯ’ ಎಂದು ಬರೆದರೆ ಈ ಮಾತು ಯಾರಿಗೂ ಅರ್ಥವಾಗದು. ನನ್ನ ಸಲಹೆ ‘ಸ್ವಸಂಸ್ಥೆ ಕ್ರೆಡಿಟ್’. ಮೊದಲ ಬಾರಿ ಬಂದಾಗ ‘ಪದವಿ ಕೊಡುವ ಸಂಸ್ಥೆಯಲ್ಲೇ ಓದಿ ಗಳಿಸಬೇಕಾದ ಕ್ರೆಡಿಟ್’ ಎಂದು ಬಿಡಿಸಿ ಹೇಳಿ. ಶುಲ್ಕದ ಅರ್ಥಕ್ಕೆ ‘ರಾಜ್ಯದ ನಿವಾಸಿ’ ಇರಲಿ.

‘ಉನ್ನತ ದರ್ಜೆ’ಯಲ್ಲಿ ತೊಡಕು ಏನೆಂದರೆ ‘ದರ್ಜೆ’ ಆಗಲೇ ಗ್ರೇಡಿಗೆ ಬಳಕೆಯಾಗಿದೆ. ‘ಉನ್ನತ ದರ್ಜೆಯ ಕ್ರೆಡಿಟ್’ ಎಂದರೆ ‘ಎ’ ಬಂದದ್ದು ಎಂದು ಓದಿಕೊಳ್ಳುತ್ತಾರೆ. ‘ಮೇಲ್ಹಂತ’, ‘ಕೆಳಹಂತ’ ಸಾಕು. ಅನೇಕ ಕಡೆ 100, 200ರ ಸಾಲಿನ ಕೋರ್ಸುಗಳು ಕೆಳಹಂತ, 300, 400ರವು ಮೇಲ್ಹಂತ. ಇದೇ ಎಲ್ಲೆಡೆಯ ಪದ್ಧತಿಯಲ್ಲ. ಕಮ್ಯೂನಿಟಿ ಕಾಲೇಜಿನ ಕೋರ್ಸ್ ಸಾಮಾನ್ಯವಾಗಿ ಕೆಳಹಂತದ್ದು. ಅದೇ ಪಾಠ ವಿಶ್ವವಿದ್ಯಾಲಯದಲ್ಲಿ 300ರ ಸಾಲಿನಲ್ಲಿದ್ದರೆ, ‘ನೀನು ಆ ಪಾಠ ಓದಿದ್ದೀಯ, ಮತ್ತೆ ಓದಬೇಕಿಲ್ಲ’ ಎನ್ನಬಹುದು. ಮೇಲ್ಹಂತದ ಕ್ರೆಡಿಟ್ ಮಾತ್ರ ಕೊಡುವುದಿಲ್ಲ. ಆ ಕೊರತೆಯನ್ನು ಬೇರೊಂದು ಮೇಲ್ಹಂತದ ಕೋರ್ಸಿನಿಂದ ತುಂಬಬೇಕು.

‘ಘಟಕ’ ಬೇಡವೇ ಬೇಡ. ಕನ್ನಡದ ವಿದ್ಯಾರ್ಥಿಗೆ ಘಟಕ ಎಂದರೆ ಪಠ್ಯಕ್ರಮದ ಒಂದು ಪಾಠಭಾಗ. ಯೂನಿಟ್ ಇದ್ದಲ್ಲೂ ‘ಕ್ರೆಡಿಟ್’ ಎಂದೇ ಬರೆದು, ಆರಂಭದಲ್ಲಿ ಒಮ್ಮೆ ಎರಡೂ ಒಂದೇ ಎಂದು ಹೇಳಿಬಿಡಿ. ‘ಅಂಕ’ ಎನ್ನಲೂ ಹೋಗಬೇಡಿ, ಅದು ಮಾರ್ಕ್ಸಿನ ಪದ.

ಮೂರನೆಯ ಉತ್ತರ

ಮೇಲಿನ ಲೆಕ್ಕಕ್ಕೆ ಒಂದು ಸೇರ್ಪಡೆ ಬೇಕು, ಇಲ್ಲದಿದ್ದರೆ ಕ್ವಾರ್ಟರ್ ಪದ್ಧತಿಯ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಾಗಿ ವರ್ಷವನ್ನು ಹಂಚುವ) ಕಾಲೇಜಿನಿಂದ ಬಂದವರಿಗೆ ದಾರಿ ತಪ್ಪುತ್ತದೆ. 180 ಕ್ವಾರ್ಟರ್ ಕ್ರೆಡಿಟ್ ಎಂದರೆ 120 ಸೆಮಿಸ್ಟರ್ ಕ್ರೆಡಿಟ್. ಮೂರರಲ್ಲಿ ಎರಡು ಪಾಲು. 4 ಕ್ವಾರ್ಟರ್ ಕ್ರೆಡಿಟ್‌ನ ಕೋರ್ಸ್ ಸೆಮಿಸ್ಟರ್ ಲೆಕ್ಕದಲ್ಲಿ 2.67 ಆಗುತ್ತದೆ. 3 ಕ್ರೆಡಿಟ್‌ನ ಖಾನೆಗೆ ಅದನ್ನು ಕೂರಿಸಿದರೆ ವಿಷಯ ಪೂರ್ತಿ, ಮೊತ್ತದಲ್ಲಿ 0.33 ಕೊರತೆ. ಇಂಥ ಒಂಬತ್ತು ಕೋರ್ಸ್ ಬಂದರೆ ಎಲ್ಲ ಖಾನೆಯೂ ತುಂಬಿ, ಮೊತ್ತದಲ್ಲಿ 3 ಕ್ರೆಡಿಟ್ ಕಡಿಮೆ ಬೀಳುತ್ತದೆ.

ಇಲ್ಲಿಂದ ಒಂದು ಪದದ ಕೊರತೆ ಎದ್ದು ಕಾಣುತ್ತದೆ. ಪಾಠ ಸಂದಿದೆ, ಕ್ರೆಡಿಟ್ ಸಂದಿಲ್ಲ ಎಂಬ ಸ್ಥಿತಿಗೆ ಏನು ಹೇಳಬೇಕು? ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯದಲ್ಲಿ ಇದಕ್ಕೆ ‘ಸಬ್ಜೆಕ್ಟ್ ಕ್ರೆಡಿಟ್’ ಎಂಬ ಹೆಸರೇ ಇದೆ. ಅಲ್ಲಿ ಕೆಳಹಂತದ ವರ್ಗಾವಣೆಗೆ 70 ಸೆಮಿಸ್ಟರ್, ಅಂದರೆ 105 ಕ್ವಾರ್ಟರ್ ಯೂನಿಟ್‌ಗಳ ಮಿತಿ. ಮಿತಿ ದಾಟಿದ ಕೋರ್ಸಿಗೆ ಯೂನಿಟ್ ಕೊಡುವುದಿಲ್ಲ, ಆದರೆ ಅದು ಒಂದು ಅವಶ್ಯಕತೆಯನ್ನು ಪೂರೈಸಬಹುದು. ನನ್ನ ಮಟ್ಟಿಗೆ ‘ವಿಷಯಕ್ಕಷ್ಟೇ ಸಲ್ಲುತ್ತದೆ’ ಎಂಬುದು ಸರಿಯಾದ ಮಾತು. ಈ ಕ್ರಿಯಾಪದದ ಅನುಕೂಲ ನೋಡಿ: ಯಾವುದಕ್ಕೆ ಸಲ್ಲುತ್ತದೆ ಎಂದು ಹೇಳದೆ ವಾಕ್ಯ ಮುಗಿಯುವುದೇ ಇಲ್ಲ. ಪದವಿಯ ಮೊತ್ತಕ್ಕೆ, ಮುಖ್ಯ ವಿಷಯಕ್ಕೆ, ಸ್ವಸಂಸ್ಥೆಯ 30ಕ್ಕೆ, ಮೇಲ್ಹಂತಕ್ಕೆ ಎಂದು ಚತುರ್ಥಿ ವಿಭಕ್ತಿ ಬಂದೇ ತೀರಬೇಕು. ‘ಪರಿಗಣಿಸಲಾಗುವುದು’ ಎಂಬುದರಲ್ಲಿ ಆ ಒತ್ತಾಯವಿಲ್ಲ, ಮಸುಕು ಬರುವುದು ಅದಕ್ಕೇ.

ಪರೀಕ್ಷೆಯಿಂದ ಬಂದ ಕ್ರೆಡಿಟ್ ಬಗ್ಗೆಯೂ ಕೈಪಿಡಿಯಲ್ಲಿ ಒಂದು ಸಾಲು ಇರಲಿ. ಹೈಸ್ಕೂಲಿನಲ್ಲಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಕಾಲೇಜು ಮಟ್ಟದ ಪಾಠದ ಪರೀಕ್ಷೆ) ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ 5ಕ್ಕೆ 4 ಬಂದು ಕ್ರೆಡಿಟ್ ಸಿಕ್ಕವರು, ಧೈರ್ಯ ಸಾಲದೆ ಕಾಲೇಜಿನ ಮೊದಲ ಕ್ಯಾಲ್ಕುಲಸನ್ನೂ ಓದಿದರೆ, ಎರಡರಲ್ಲಿ ಒಂದು ಮಾತ್ರ ಸಲ್ಲುತ್ತದೆ. ಮೊದಲ ಕಾಲೇಜು ಕೊಟ್ಟ ಎಪಿ ಕ್ರೆಡಿಟ್ ಎರಡನೆಯ ಕಡೆಯೂ ಹಾಗೇ ನಡೆಯುತ್ತದೆ ಎಂದೂ ಇಲ್ಲ. ಹೊಸ ವಿಶ್ವವಿದ್ಯಾಲಯ ಅಂಕವರದಿಯನ್ನು ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನಿಂದಲೇ ತರಿಸಿಕೊಂಡು ತನ್ನ ಪಟ್ಟಿಯ ಪ್ರಕಾರ ನಿರ್ಧರಿಸುತ್ತದೆ.

ನಮ್ಮ ದೇಶದ ಪದ್ಧತಿಯ ಪದಗಳನ್ನು ಎರವಲು ತರುವಾಗಲೂ ಜೋಕೆ. ಯುಜಿಸಿ ಚೌಕಟ್ಟಿನಲ್ಲೂ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಅಮೆರಿಕದ ನಾಲ್ಕು ವರ್ಷದ ಪದವಿಗೂ 120. ಅಂಕಿ ಒಂದೇ ಆದರೂ ಅಳತೆ ಬೇರೆ ಎಂದು ಕೈಪಿಡಿ ಸ್ಪಷ್ಟವಾಗಿ ಹೇಳಬೇಕು. ಒಂದಕ್ಕೆ ಒಂದರಂತೆ ಬದಲಾಯಿಸಲು ಬರುವುದಿಲ್ಲ. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯ ಖಾತೆ, ಜಮೆ ಎಂಬ ಮಾತುಗಳು ಅಲ್ಲಿಗೆ ಹೊಂದುತ್ತವೆ, ಅದು ನಿಜವಾಗಿ ಖಾತೆಯಂತೆ ನಡೆಯುತ್ತದೆ. ಅಮೆರಿಕದಲ್ಲಿ ಅಂಥ ಕೇಂದ್ರ ಖಾತೆ ಇಲ್ಲ. ಪ್ರತಿ ಸಂಸ್ಥೆಯೂ ತನ್ನಷ್ಟಕ್ಕೆ ತೀರ್ಮಾನಿಸುತ್ತದೆ. ಆ ಪದಗಳು ಇಲ್ಲಿಗೆ ಬಂದರೆ ಜಮೆ ಆದದ್ದು ಎಲ್ಲಿ ಬೇಕಾದರೂ ತೆಗೆಯಬಹುದು ಎಂಬ ತಪ್ಪು ಭರವಸೆ ಹುಟ್ಟುತ್ತದೆ.

ಮೊದಲ ಉತ್ತರ ಬರೆದವರಿಂದ ಮತ್ತೆ

‘ವಿಷಯಕ್ಕಷ್ಟೇ ಸಲ್ಲುತ್ತದೆ’ ಚೆನ್ನಾಗಿದೆ, ಸೇರಿಸಿಕೊಳ್ಳಿ.

ಇದೆಲ್ಲ ಸಣ್ಣ ವಿಷಯವಲ್ಲ ಎಂಬುದಕ್ಕೆ ಒಂದು ಅಂಕಿ. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡರು ಎಂದು ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಅಂದಾಜಿಸಿತು. ಒಪ್ಪಿದ ಕ್ರೆಡಿಟ್ ಕೂಡ ಪದವಿಯ ಅವಶ್ಯಕತೆಗೆ ಸಲ್ಲದೆ ಹೋಗಬಹುದು ಎಂದು ಆ ವರದಿ ಬೇರೆಯಾಗಿಯೇ ಹೇಳಿದೆ.

ಕರಡಿನ ವಾಕ್ಯ ಹೀಗಿರಲಿ: ‘ವಿಶ್ವವಿದ್ಯಾಲಯ ಒಪ್ಪಿದ ಕ್ರೆಡಿಟ್‌ಗಳೆಲ್ಲ ಪದವಿಗೆ ಸಲ್ಲಬೇಕೆಂದಿಲ್ಲ. ಪ್ರವೇಶ ಖಚಿತಪಡಿಸುವ ಮೊದಲು, ಯಾವ ಕೋರ್ಸ್ ಯಾವ ಅವಶ್ಯಕತೆಗೆ ಸಲ್ಲುತ್ತದೆ ಎಂಬ ಪಟ್ಟಿಯನ್ನು ವಿಭಾಗದಿಂದ ಬರಹದಲ್ಲಿ ಪಡೆಯಿರಿ. ಕೋರ್ಸಿನ ಹೆಸರಿನಿಂದ ಮಾತ್ರ ತೀರ್ಮಾನವಾಗದಿದ್ದರೆ ಅದರ ಪಠ್ಯಕ್ರಮ ಕೇಳುತ್ತಾರೆ. ಓದಿದ ವರ್ಷದ ಪಠ್ಯಕ್ರಮದ ಪ್ರತಿ ಇಟ್ಟುಕೊಂಡಿರಿ. ಮುಖ್ಯ ವಿಷಯ ಬದಲಿಸಿದರೆ ಪಟ್ಟಿಯನ್ನು ಹೊಸದಾಗಿ ಕೇಳಬೇಕು.’ ಕೊನೆಯ ಆ ಮಾತು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಜೀವಶಾಸ್ತ್ರಕ್ಕೆ ಸಂದ ರಸಾಯನಶಾಸ್ತ್ರದ 8 ಕ್ರೆಡಿಟ್, ವಿದ್ಯಾರ್ಥಿ ಇತಿಹಾಸಕ್ಕೆ ಬದಲಿಸಿದ ದಿನ ಐಚ್ಛಿಕದ ಖಾನೆಗೆ ಇಳಿಯುತ್ತವೆ. ಅಲ್ಲಿ ಜಾಗ ಇದ್ದರೆ ಸಲ್ಲುತ್ತವೆ, ಇಲ್ಲದಿದ್ದರೆ ಇಲ್ಲ.