ಬಿಡುಗಡೆಗೆ ಮೊದಲೇ ಲೀಕ್ ಆದ ಹಾರ್ಡ್‌ವೇರ್ ಫೋಟೊ ಅಸಲಿಯೋ ನಕಲಿಯೋ, ಹೇಗೆ ಗೊತ್ತು ಮಾಡಿಕೊಳ್ಳುವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಒಂದು ಫೋಟೊ ನನ್ನ ತಲೆ ತಿನ್ನುತ್ತಿದೆ. ಇನ್ನೂ ಮಾರುಕಟ್ಟೆಗೆ ಬಾರದ ಗ್ರಾಫಿಕ್ಸ್ ಕಾರ್ಡ್ ಅಂತ ಯಾರೋ ಹಾಕಿದ್ದಾರೆ. ಕೂಲರ್ ಬಿಚ್ಚಿದ ಬರೀ ಬೋರ್ಡು, ಮೇಜಿನ ಮೇಲಿಟ್ಟು ತೆಗೆದದ್ದು. ಮಧ್ಯದ ದೊಡ್ಡ ಚಿಪ್ಪಿನ ಮೇಲಿನ ಅಕ್ಷರಗಳನ್ನು ಮಸುಕು ಮಾಡಿದ್ದಾರೆ. ಸುತ್ತಲಿನ ಮೆಮೊರಿ ಚಿಪ್ಪುಗಳ ಮೇಲಿನದೂ ಮಸುಕು. ಬೋರ್ಡಿನ ಮೇಲಿನ ಸಣ್ಣ ಅಕ್ಷರಗಳು ಜೂಮ್ ಮಾಡಿದರೆ ಬರೀ ಚುಕ್ಕೆ ಚುಕ್ಕೆಯಾಗುತ್ತವೆ. ಕೆಳಗೆ ಬರೆದಿರುವುದು ಇಷ್ಟೇ: "24 ಜಿಬಿ, 384 ಬಿಟ್, ಮುಂದಿನ ತಲೆಮಾರು."

ಎಡಿಟ್ ಆಗಿದೆಯೋ ಇಲ್ಲವೋ ಅಂತ ತೋರಿಸುವ ಒಂದು ವೆಬ್‌ಸೈಟಿಗೆ ಹಾಕಿ ನೋಡಿದೆ. ಫೋಟೊ ಕಪ್ಪಾಗಿ, ಚಿಪ್ಪುಗಳ ಜಾಗ ಮಾತ್ರ ಬೆಳ್ಳಗೆ ಮಿನುಗಿತು. ಒಬ್ಬ ಗೆಳೆಯ "ನೋಡು, ಎಡಿಟ್ ಆಗಿದೆ" ಅಂದ. ಇನ್ನೊಬ್ಬ "ಅದು ಎಲ್ಲ ಫೋಟೊದಲ್ಲೂ ಹಾಗೇ ಬರುತ್ತೆ" ಅಂದ.

ನನ್ನದು ಒಂದು ಸಣ್ಣ ಗುಂಪಿದೆ, ಹೊಸ ಹಾರ್ಡ್‌ವೇರ್ ಸುದ್ದಿ ಹಂಚಿಕೊಳ್ಳುತ್ತೇವೆ. ಹೋದ ಸಲ ನಾನು ಹಾಕಿದ ಒಂದು ಲೀಕ್ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಇಬ್ಬರು ಅದನ್ನೇ ನಂಬಿ ಕಾರ್ಡ್ ಕೊಳ್ಳುವುದನ್ನು ಮುಂದಕ್ಕೆ ಹಾಕಿದ್ದರು. ಅದು ಇನ್ನೂ ನನ್ನ ಮನಸ್ಸಿಗೆ ಚುಚ್ಚುತ್ತಿದೆ. ಹಾಗಾಗಿ ಈ ಒಂದು ಫೋಟೊ ಬಗ್ಗೆ ಮಾತ್ರ ಕೇಳುತ್ತಿಲ್ಲ, ನೋಡುವ ಕ್ರಮವನ್ನೇ ಕಲಿಯಬೇಕು ಅಂತಿದ್ದೇನೆ. ನೀವೆಲ್ಲ ಮೊದಲು ಏನು ನೋಡುತ್ತೀರಿ?

ಉತ್ತರ 1

ನಾನು ಬೋರ್ಡ್ ರಿಪೇರಿ ಮಾಡುವವನು. ದಿನಾ ಇಂಥ ಬೋರ್ಡುಗಳು ಕೈಗೆ ಬರುತ್ತವೆ, ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಲೆಕ್ಕದ ಕಡೆಗೆ.

ಮೆಮೊರಿ ಚಿಪ್ಪುಗಳನ್ನು ಎಣಿಸಿ. ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಜಿಡಿಡಿಆರ್ ಜಾತಿಯ ಒಂದೊಂದು ಮೆಮೊರಿ ಚಿಪ್ಪೂ 32 ಬಿಟ್ ಅಗಲದ್ದು, ಅಂದರೆ ಅದಕ್ಕೂ ದೊಡ್ಡ ಚಿಪ್ಪಿಗೂ ನಡುವೆ ಡೇಟಾ ಓಡಾಡುವ ದಾರಿ ಅಷ್ಟು ಅಗಲ. 384 ಬಿಟ್ ಬೇಕು ಅಂದರೆ 12 ಚಿಪ್ಪು ಇರಲೇಬೇಕು, 256 ಅಂದರೆ 8, 192 ಅಂದರೆ 6. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಕಾರ್ಡ್ ಬಿಚ್ಚಿದರೆ ಮುಂದುಗಡೆ 12 ಚಿಪ್ಪು ಕಾಣುತ್ತವೆ, ಒಂದೊಂದು 2 ಜಿಬಿ, ಒಟ್ಟು 24. ಅದಕ್ಕೆ ಹಿಂದಿನ 3090ರಲ್ಲೂ 24 ಜಿಬಿ, 384 ಬಿಟ್ಟೇ. ಆದರೆ ಅದರಲ್ಲಿ 1 ಜಿಬಿಯ 24 ಚಿಪ್ಪುಗಳು, ಮುಂದೆ 12, ಹಿಂದೆ 12. ಹಿಂದಿನ ಚಿಪ್ಪು ಮುಂದಿನದರ ಜೊತೆ ಅದೇ ದಾರಿಯನ್ನು ಹಂಚಿಕೊಳ್ಳುತ್ತದೆ, ಹಾಗಾಗಿ ಜಿಬಿ ಜಾಸ್ತಿಯಾಗುತ್ತದೆ, ಬಿಟ್ ಜಾಸ್ತಿಯಾಗುವುದಿಲ್ಲ. ಅಂದರೆ ಬರೀ ಮುಂದಿನ ಫೋಟೊ ನೋಡಿ ಎಷ್ಟು ಜಿಬಿ ಅಂತ ಖಚಿತವಾಗಿ ಹೇಳಲು ಆಗದೆ ಇರಬಹುದು, ಎಷ್ಟು ಬಿಟ್ ಅಂತ ಮಾತ್ರ ಸಾಮಾನ್ಯವಾಗಿ ಹೇಳಬಹುದು. ಚಿಪ್ಪು ಕೂರಿಸದೆ ಖಾಲಿ ಬಿಟ್ಟ ಜಾಗಗಳಿದ್ದರೆ ಅವನ್ನೂ ಬೇರೆಯಾಗಿ ಎಣಿಸಿಕೊಳ್ಳಿ.

ಆಮೇಲೆ ಕರೆಂಟಿನ ಲೆಕ್ಕ. ಕಾರ್ಡ್ ಕೂರುವ ಮದರ್‌ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್, 6 ಪಿನ್ ಕನೆಕ್ಟರಿನಿಂದ 75, 8 ಪಿನ್ನಿನಿಂದ 150. ಹೊಸ 16 ಪಿನ್ನಿನದಾದರೆ 600ರವರೆಗೆ. ಕೆಳಗೆ 450 ವ್ಯಾಟ್ ಅಂತ ಬರೆದು ಫೋಟೊದಲ್ಲಿ ಒಂದೇ 8 ಪಿನ್ ಕನೆಕ್ಟರ್ ಕಂಡರೆ ಅಲ್ಲಿಗೇ ಮುಗಿಯಿತು.

ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಪಿನ್ನುಗಳನ್ನು ಹತ್ತಿರದಿಂದ ನೋಡಿ. ಪೂರ್ತಿ ಉದ್ದದ ಕನೆಕ್ಟರಿನಲ್ಲಿ ಒಂದು ಬದಿಗೆ 82 ಜಾಗ. ಮೊದಲು 11, ಆಮೇಲೆ ಒಂದು ಸೀಳು, ಆಮೇಲೆ 71. ಎಲ್ಲ ಪಿನ್ನೂ ಒಂದೇ ಉದ್ದ ಇರುವುದಿಲ್ಲ, ಕಾರ್ಡ್ ಸರಿಯಾಗಿ ಕೂತಿದೆಯಾ ಅಂತ ತಿಳಿಸುವ ಪಿನ್ನು ಉಳಿದವಕ್ಕಿಂತ ಸ್ವಲ್ಪ ಗಿಡ್ಡ. ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಎಲ್ಲವೂ ಒಂದೇ ಸಮ ಇರುತ್ತವೆ. ಎಐ ಮಾಡಿದ ಚಿತ್ರಗಳಲ್ಲಿ ಸೀಳು ಎಲ್ಲೆಲ್ಲೋ ಹೋಗಿರುತ್ತದೆ.

ಇನ್ನೊಂದು ಹೇಳಲೇಬೇಕು. ಬೋರ್ಡಿನ ಮೇಲೆ ಪ್ರತಿ ಬಿಡಿಭಾಗದ ಪಕ್ಕ ಬಿಳಿ ಬಣ್ಣದಲ್ಲಿ ಒಂದು ಹೆಸರು ಅಚ್ಚಾಗಿರುತ್ತದೆ. ಕೆಪಾಸಿಟರಿಗೆ ಸಿ, ರೆಸಿಸ್ಟರಿಗೆ ಆರ್, ಚಿಪ್ಪಿಗೆ ಯು, ಅದರ ಮುಂದೆ ನಂಬರು. ಒಂದು ಬೋರ್ಡಿನಲ್ಲಿ ಒಂದು ಹೆಸರು ಒಂದೇ ಸಲ ಬರಬೇಕು. ಒಮ್ಮೆ ಇಂಥದೇ ಒಂದು ಲೀಕ್ ಫೋಟೊ ನೋಡುತ್ತಿದ್ದಾಗ ಸಿ512 ಅನ್ನುವುದು ಎರಡು ಕಡೆ ಕಂಡಿತು. ಎರಡೂ ಕಡೆ ಪಕ್ಕದಲ್ಲಿ ಅದೇ ಆಕಾರದ ಬೆಸುಗೆ, ಬೆಸುಗೆಯ ಮೇಲೆ ಅದೇ ಕೋನದಲ್ಲಿ ಅದೇ ಬೆಳಕಿನ ಚುಕ್ಕೆ. ಎರಡು ಮೆಮೊರಿ ಚಿಪ್ಪು ಜಾಸ್ತಿ ತೋರಿಸಬೇಕು ಅಂತ ಪಕ್ಕದ ಜಾಗವನ್ನೇ ಕಾಪಿ ಮಾಡಿ ಅಂಟಿಸಿದ್ದರು. ಬೋರ್ಡಿಗೆ ಬೆಸುಗೆ ಹಾಕಿದವರಿಗೆ ಗೊತ್ತು, ಒಂದು ಬೆಸುಗೆಯ ಹಾಗೆ ಇನ್ನೊಂದು ಇರುವುದಿಲ್ಲ.

ನಿಮ್ಮ ಫೋಟೊದಲ್ಲಿ ಎಷ್ಟು ಚಿಪ್ಪಿವೆ, ಎಣಿಸಿ ಹೇಳಿ.

ಉತ್ತರ 2

ಮೇಲಿನವರು ಬೋರ್ಡಿನ ಬಗ್ಗೆ ಚೆನ್ನಾಗಿ ಹೇಳಿದರು. ನನ್ನ ಕೆಲಸ ಥ್ರೀಡಿ ರೆಂಡರ್, ಅಂದರೆ ಕಂಪ್ಯೂಟರಿನಲ್ಲೇ ಫೋಟೊದಂಥ ಚಿತ್ರ ಮಾಡುವುದು, ಹಾಗಾಗಿ ಫೋಟೊ ಕಡೆಯಿಂದ ಹೇಳುತ್ತೇನೆ.

ಆ ವೆಬ್‌ಸೈಟಿನಲ್ಲಿ ಬೆಳ್ಳಗೆ ಕಂಡದ್ದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಜೆಪೆಗ್ ಫೋಟೊವನ್ನು ಮತ್ತೊಮ್ಮೆ ಕುಗ್ಗಿಸಿ, ಯಾವ ಜಾಗ ಎಷ್ಟು ಬದಲಾಯಿತು ಅಂತ ಅದು ತೋರಿಸುತ್ತದೆ, ಅಷ್ಟೇ. ಕಪ್ಪು ಚಿಪ್ಪಿನ ಅಂಚು, ಬಿಳಿ ಅಕ್ಷರ, ಹೊಳೆಯುವ ಬೆಸುಗೆ, ಇವೆಲ್ಲ ಏನೂ ಎಡಿಟ್ ಮಾಡದಿದ್ದರೂ ಮಿನುಗುತ್ತವೆ. ನಾಲ್ಕಾರು ಗುಂಪು ದಾಟಿ ಬಂದ ಫೋಟೊ ಆದರೆ ಪ್ರತಿ ಸಲವೂ ಮತ್ತೆ ಕುಗ್ಗಿರುತ್ತದೆ, ಆಗ ನಿಜವಾದ ಎಡಿಟ್ಟೂ ಅಳಿಸಿಹೋಗುತ್ತದೆ. ಫೋಟೊ ಒಳಗಿನ ಕ್ಯಾಮೆರಾ ಮಾಹಿತಿಯೂ ಹಾಗೇ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಹೋಗಿಬಿಡುತ್ತದೆ. ಅದು ಇಲ್ಲ ಅಂದ ಮಾತ್ರಕ್ಕೆ ಸುಳ್ಳು ಅನ್ನಲು ಆಗಲ್ಲ.

ರೆಂಡರ್ ಹಿಡಿಯಲು ನಾನು ನೋಡುವುದು ಅಂಚುಗಳನ್ನು. ಬೋರ್ಡನ್ನು ಪಕ್ಕದಿಂದ ನೋಡಿದರೆ ಕತ್ತರಿಸಿದ ಗುರುತು ಒರಟಾಗಿರಬೇಕು. ತೂತುಗಳ ಸುತ್ತ ಸ್ಕ್ರೂ ಹಾಕಿ ತೆಗೆದ ಗೀರು ಇರಬೇಕು. ಕೂಲರ್ ಬಿಚ್ಚಿದ ಬೋರ್ಡು ಅಂದರೆ ಚಿಪ್ಪಿನ ಅಕ್ಕಪಕ್ಕ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟಿನ ಕಲೆ, ಮೆಮೊರಿಯ ಮೇಲೆ ಪ್ಯಾಡ್ ಬಿಟ್ಟ ಎಣ್ಣೆಯ ಗುರುತು ಇದ್ದೇ ಇರುತ್ತದೆ, ಎಷ್ಟು ಒರೆಸಿದರೂ ಮೂಲೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ಇದನ್ನೆಲ್ಲ ರೆಂಡರಿನಲ್ಲಿ ಮಾಡಬಹುದು, ನಾನೇ ಮಾಡಬಲ್ಲೆ, ಆದರೆ ಒಂದು ಬೋರ್ಡಿಗೆ ವಾರಗಟ್ಟಲೆ ಕೂರಬೇಕು. ಸುಮ್ನೆ ಸುಳ್ಳು ಹರಡುವವರು ಅಷ್ಟು ಕೂರುವುದಿಲ್ಲ, ಅದರ ಬದಲು ಮಸುಕು ಮಾಡುತ್ತಾರೆ, ಇಲ್ಲ ಫೋಟೊವನ್ನು ತೀರಾ ಚಿಕ್ಕದು ಮಾಡುತ್ತಾರೆ.

ಆದರೂ ಒಂದು ಮಾತು. ಫೋಟೊ ನಿಜ ಅಂತ ಗೊತ್ತಾದರೆ ಅದರಲ್ಲಿರುವ ವಸ್ತು ನಿಜ ಅಂತ ಗೊತ್ತಾದ ಹಾಗೆ ಆಗುವುದಿಲ್ಲ. 2016ರ ಮಾರ್ಚಿನಲ್ಲಿ ನಿಂಟೆಂಡೊದ ಹೊಸ ಗೇಮ್ ಕನ್ಸೋಲಿನ ಕಂಟ್ರೋಲರ್ ಅಂತ ಫೋಟೊಗಳು ಬಂದವು. ಅದರಲ್ಲಿ ಒಂದು ನಿಜವಾಗಿಯೂ ಮೇಜಿನ ಮೇಲಿಟ್ಟು ಕ್ಯಾಮೆರಾದಲ್ಲಿ ತೆಗೆದ ಫೋಟೊ. ವಸ್ತುವನ್ನೇ ಥ್ರೀಡಿ ಪ್ರಿಂಟ್ ಮಾಡಿದ್ದರು, ಹೇಗೆ ಮಾಡಿದೆವು ಅಂತ ಆಮೇಲೆ ಅವರೇ ತೋರಿಸಿದರು. ಆ ವರ್ಷ ಅಕ್ಟೋಬರಿನಲ್ಲಿ ಕಂಪನಿ ತೋರಿಸಿದ ಸ್ವಿಚ್ ಅನ್ನುವ ಕನ್ಸೋಲ್ ಅದಕ್ಕೆ ಹೋಲುತ್ತಲೇ ಇರಲಿಲ್ಲ. ಆ ಫೋಟೊವನ್ನು ಯಾವ ವೆಬ್‌ಸೈಟಿಗೆ ಹಾಕಿದ್ದರೂ ಸಿಕ್ಕಿಬೀಳುತ್ತಿರಲಿಲ್ಲ, ಯಾಕೆಂದರೆ ಅದರಲ್ಲಿ ಎಡಿಟ್ ಇರಲಿಲ್ಲ.

ಕಂಪನಿಯವರೇ ಕೈಯಲ್ಲಿ ಹಿಡಿದದ್ದೂ ಅಸಲಿ ಆಗಿರದೆ ಇರಬಹುದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ವೇದಿಕೆಯ ಮೇಲೆ ಫರ್ಮಿ ಅನ್ನುವ ಹೊಸ ತಲೆಮಾರಿನ ಕಾರ್ಡ್ ಅಂತ ಎತ್ತಿ ತೋರಿಸಿದರು. ಫೋಟೊ ಜೂಮ್ ಮಾಡಿದವರಿಗೆ ಮರಕ್ಕೆ ಹಾಕುವಂಥ ಸ್ಕ್ರೂಗಳು ಕಂಡವು. ಪವರ್ ಕನೆಕ್ಟರ್ ಇದ್ದ ಜಾಗಕ್ಕೂ ಬೋರ್ಡಿನ ಬೆಸುಗೆ ಜಾಗಕ್ಕೂ ತಾಳೆಯಾಗಲಿಲ್ಲ. ಬೋರ್ಡಿನ ತುದಿ ನಡುವೆ ಕತ್ತರಿಸಿದ ಹಾಗಿತ್ತು. ಅದು ತೋರಿಸಲು ಮಾಡಿದ ಮಾದರಿ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಆ ತಲೆಮಾರಿನ ಮೊದಲ ಗೇಮಿಂಗ್ ಕಾರ್ಡ್ ಘೋಷಣೆಯಾದದ್ದು 2010ರ ಮಾರ್ಚಿನಲ್ಲಿ.

ಉತ್ತರ 3

ನನಗೆ ಇದರ ಇನ್ನೊಂದು ಬದಿ ಮುಖ್ಯ ಅನ್ನಿಸುತ್ತದೆ. ಅಸಲಿಯನ್ನು ನಕಲಿ ಅಂತ ತಳ್ಳಿಹಾಕುವುದೂ ತಪ್ಪೇ ಅಲ್ವಾ? 2020ರ ಜೂನಿನಲ್ಲಿ ಆರ್‌ಟಿಎಕ್ಸ್ 3080ಯ ಕೂಲರ್ ಫೋಟೊ ಬಂದಾಗ ಒಂದು ಫ್ಯಾನು ಮುಂದೆ, ಇನ್ನೊಂದು ಹಿಂದೆ ಇತ್ತು. "ಇಂಥ ಕಾರ್ಡ್ ಯಾರು ಮಾಡುತ್ತಾರೆ" ಅಂತ ಎಷ್ಟೋ ಜನ ನಂಬಲಿಲ್ಲ, ನಾನೂ ನಂಬಲಿಲ್ಲ. ಸೆಪ್ಟೆಂಬರ್ 1ಕ್ಕೆ ಘೋಷಣೆ ಆದಾಗ ಅದೇ ಆಕಾರ. ನೋಡಲು ವಿಚಿತ್ರವಾಗಿದೆ ಅನ್ನುವುದು ಸಾಕ್ಷಿ ಅಲ್ಲ ಅಂತ ಅವತ್ತು ಗೊತ್ತಾಯಿತು. ಸುಳ್ಳು ಮಾಡುವವರು ಸಾಮಾನ್ಯವಾಗಿ ಹಳೇ ಕಾರ್ಡನ್ನೇ ಸ್ವಲ್ಪ ತಿದ್ದುತ್ತಾರೆ, ಜನ ಏನು ಬರಬಹುದು ಅಂದುಕೊಂಡಿರುತ್ತಾರೋ ಅದನ್ನೇ ತೋರಿಸುತ್ತಾರೆ.

ನಾನು ಕಂಡ ಹಾಗೆ ಹೆಚ್ಚಿನ ಸಲ ಫೋಟೊನೂ ನಿಜ, ವಸ್ತುನೂ ನಿಜ, ಕೆಳಗೆ ಬರೆದ ಸಾಲು ಸುಳ್ಳು. 2023ರಲ್ಲಿ ನಾಲ್ಕು ಸ್ಲಾಟ್ ದಪ್ಪದ ಒಂದು ದೊಡ್ಡ ಎನ್‌ವಿಡಿಯಾ ಕೂಲರ್ ಫೋಟೊ ಬಂತು. 4090 ಟಿಐ ಬಂದೇಬಿಟ್ಟಿತು ಅಂತ ಎಲ್ಲ ಕಡೆ ಸುದ್ದಿ. ಆ ಕೂಲರ್ ಪ್ರಯೋಗಕ್ಕೆ ಮಾಡಿದ್ದು, ನಿಜವಾದದ್ದೇ. ಆದರೆ ಆ ಕಾರ್ಡ್ ಮಾರಾಟಕ್ಕೆ ಬರಲೇ ಇಲ್ಲ. ಅದನ್ನು ನಂಬಿ ಕಾದವರಿಗೆ ಫೋಟೊ ನಿಜವಾಗಿದ್ದರಿಂದ ಏನೂ ಉಪಯೋಗ ಆಗಲಿಲ್ಲ.

ನಿಮ್ಮ ಫೋಟೊದಲ್ಲಿ ನನಗೆ ಅನುಮಾನ ಬಂದದ್ದು ಮಸುಕು ಮಾಡಿದ ಜಾಗ. ಲೀಕ್ ಮಾಡುವವರು ಸೀರಿಯಲ್ ನಂಬರ್, ಬಾರ್‌ಕೋಡ್ ಮುಚ್ಚುತ್ತಾರೆ. ಅದು ಸಹಜ, ಯಾರ ಕೈಗೆ ಕೊಟ್ಟ ಕಾರ್ಡ್ ಅಂತ ಕಂಪನಿಗೆ ಗೊತ್ತಾಗಿಬಿಡುತ್ತದೆ. ಮೆಮೊರಿ ಚಿಪ್ಪಿನ ಮೇಲಿನ ಕೋಡು ಹಾಗಲ್ಲ. ಅದೇ ಬಗೆಯ ಎಲ್ಲ ಚಿಪ್ಪಿನ ಮೇಲೂ ಅದೇ ಕೋಡು ಇರುತ್ತದೆ. ಮೈಕ್ರಾನ್ ಕಂಪನಿಯ ಚಿಪ್ಪಾದರೆ ಐದು ಅಕ್ಷರದ ಒಂದು ಕೋಡು, ಅದನ್ನು ಅವರ ವೆಬ್‌ಸೈಟಿನಲ್ಲೇ ಹಾಕಿ ಯಾವ ಚಿಪ್ಪು, ಎಷ್ಟು ವೇಗದ್ದು ಅಂತ ನೋಡಬಹುದು. ಅದನ್ನು ಮುಚ್ಚಿದರೆ ಲೀಕ್ ಮಾಡಿದವರಿಗೆ ರಕ್ಷಣೆ ಏನೂ ಸಿಗಲ್ಲ, ನಮಗೆ ಪರೀಕ್ಷೆ ಮಾಡಲು ದಾರಿ ಇಲ್ಲವಾಗುತ್ತದೆ. ದೊಡ್ಡ ಚಿಪ್ಪಿನ ಮೇಲೂ ವಾರದ ಗುರುತು ಇರುತ್ತದೆ. 2231 ಅಂದರೆ 2022ನೇ ಇಸವಿಯ 31ನೇ ವಾರ. ಅದು ಕಂಡರೆ ಎಷ್ಟು ಹಳೆಯದು ಅಂತ ತಕ್ಷಣ ತಿಳಿಯುತ್ತದೆ.

ಜೊತೆಗೆ ಬರುವ ಸ್ಕ್ರೀನ್‌ಶಾಟ್‌ಗಳನ್ನು ಲೆಕ್ಕಕ್ಕೇ ತಗೋಬೇಡಿ. ಅದರಲ್ಲಿ ಇರುವುದು ಬರೀ ಅಕ್ಷರ.

ಪ್ರಶ್ನೆ ಕೇಳಿದವರಿಂದ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಣಿಸಿದೆ, ಮೂರು ಸಲ ಎಣಿಸಿದೆ. ಚಿಪ್ಪು 8 ಇವೆ, ಖಾಲಿ ಜಾಗ ಕಾಣಲಿಲ್ಲ. ಅಂದರೆ 256 ಬಿಟ್, 384 ಅನ್ನುವುದು ಸುಳ್ಳು. 24 ಜಿಬಿನೂ ಸುಳ್ಳೇ ಅಂತ ಹೇಳಬಹುದಾ? ಪಿನ್ನುಗಳು ಕೆಳಗಡೆ ಇವೆ, ಸೀಳು ಬಲಗಡೆಗೆ, ಮಾನಿಟರ್ ಕೇಬಲ್ ಹಾಕುವ ತಗಡಿನ ಪಟ್ಟಿಯ ಹತ್ತಿರವೇ ಇದೆ. ಪಿನ್ನು ಎಣಿಸಲು ಆಗುತ್ತಿಲ್ಲ, ಅಷ್ಟು ಸ್ಪಷ್ಟ ಇಲ್ಲ.

ಉತ್ತರ 1

24 ಜಿಬಿ ಸಾಧ್ಯವೇ ಇಲ್ಲ ಅಂತ ಹೇಳಬೇಡಿ. ಜಿಡಿಡಿಆರ್ 7ರಲ್ಲಿ 3 ಜಿಬಿಯ ಚಿಪ್ಪುಗಳಿವೆ, ಎಂಟು ಹಾಕಿದರೆ 24. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 5090 ಹಾಗೇ ಇರುವುದು, 256 ಬಿಟ್, 24 ಜಿಬಿ.

ಆದರೆ ತಗಡಿನ ಪಟ್ಟಿ ಬಲಗಡೆ ಇದೆ ಅಂದಿರಲ್ಲ, ಅದನ್ನು ಇನ್ನೊಮ್ಮೆ ನೋಡಿ. ದೊಡ್ಡ ಚಿಪ್ಪು ನಿಮ್ಮ ಕಡೆ ಮುಖ ಮಾಡಿದೆ, ಪಿನ್ನುಗಳು ಕೆಳಗಡೆ ಇವೆ ಅಂದರೆ ಪಟ್ಟಿ ಎಡಗಡೆ ಇರಬೇಕು. ಯಾವ ಕಂಪನಿಯ ಕಾರ್ಡ್ ಆದರೂ ಅಷ್ಟೇ, ಯಾಕೆಂದರೆ ಸ್ಲಾಟ್ ಎಲ್ಲ ಕಂಪ್ಯೂಟರಿನಲ್ಲೂ ಒಂದೇ. ನಿಮ್ಮ ಹತ್ತಿರ ಯಾವುದಾದರೂ ಹಳೇ ಕಾರ್ಡ್ ಇದ್ದರೆ ಕೈಯಲ್ಲಿ ಹಿಡಿದು ನೋಡಿ. ಬಲಗಡೆ ಕಾಣುತ್ತಿದೆ ಅಂದರೆ ಫೋಟೊವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ್ದಾರೆ. ಅದನ್ನು ಮತ್ತೆ ತಿರುಗಿಸಿ, ಆಮೇಲೆ ಆ ಫೋಟೊ ಇಟ್ಟುಕೊಂಡು ಹುಡುಕಿ.

ಪ್ರಶ್ನೆ ಕೇಳಿದವರಿಂದ

ಹಳೇ ಕಾರ್ಡ್ ತೆಗೆದು ಹಿಡಿದು ನೋಡಿದೆ, ನೀವು ಹೇಳಿದ್ದು ಸರಿ. ಫೋಟೊ ತಿರುಗಿಸಿ ಗೂಗಲ್ ಲೆನ್ಸಿನಲ್ಲಿ ಹಾಕಿದೆ. ಮೊದಲು ನೇರವಾಗಿ ಹಾಕಿದಾಗ ಏನೂ ಸಿಕ್ಕಿರಲಿಲ್ಲ. ಈಗ ಎರಡನೇ ಸಾಲಿನಲ್ಲೇ ಸಿಕ್ಕಿತು. ಎಷ್ಟೋ ವರ್ಷದ ಹಿಂದಿನ ಒಂದು 256 ಬಿಟ್ ಕಾರ್ಡಿನ ವಿಮರ್ಶೆಗೆ ತೆಗೆದ ಫೋಟೊ. ಮೇಜಿನ ಬಣ್ಣ ಬದಲಾಯಿಸಿದ್ದಾರೆ, ಆದರೆ ಪವರ್ ಕನೆಕ್ಟರಿನ ಪಕ್ಕ ಒಂದು ಸಣ್ಣ ಗೀರಿದೆ, ಅದು ಎರಡರಲ್ಲೂ ಇದೆ. ಮೂಲ ಫೋಟೊದಲ್ಲಿ ಬೋರ್ಡಿನ ಸಣ್ಣ ಅಕ್ಷರಗಳು ಚೆನ್ನಾಗಿ ಓದಲು ಬರುತ್ತವೆ. ಅದನ್ನು ಇಷ್ಟು ಚಿಕ್ಕದು ಮಾಡಿದ್ದು, ಚಿಪ್ಪಿನ ಮೇಲೆ ಮಸುಕು ಮಾಡಿದ್ದು ಯಾಕೆ ಅಂತ ಈಗ ಅರ್ಥವಾಯಿತು. ತಿರುಗಿಸಿದ ಅಕ್ಷರ ಕಂಡರೆ ಯಾರಾದರೂ ಹಿಡಿದುಬಿಡುತ್ತಿದ್ದರು.

ಎರಡೂ ಫೋಟೊ ಪಕ್ಕಪಕ್ಕ ಇಟ್ಟು, ಗೀರಿನ ಜಾಗಕ್ಕೆ ಗುರುತು ಹಾಕಿ, ಗುಂಪಿನಲ್ಲಿ ಹಾಕಿದ್ದೇನೆ. ಹೋದ ಸಲ ಕೊಳ್ಳದೆ ಕಾದಿದ್ದ ಇಬ್ಬರಿಗೂ ಬೇರೆಯಾಗಿ ಕಳಿಸಿದೆ.