ಡೂಬಸ್ ಕೆಲಸ ಕಳೆದುಕೊಂಡಿದ್ದು ಆಟಗಾರರ ಕಾಂಟ್ರಾಕ್ಟ್‌ಗಳಿಂದಲೇ?

ಬ್ರಾಂಪ್ಟನ್ ಬಸವ:
ಟೊರೊಂಟೊ ಕಡೆ ಬಂದ ಮೇಲೆ ಐಸ್ ಹಾಕಿ ನೋಡುವ ಚಟ ಹತ್ತಿದೆ. ಆಫೀಸಿನಲ್ಲಿ ಇಲ್ಲಿನ ತಂಡ ಮೇಪಲ್ ಲೀಫ್ಸ್ ಮಾತು ಬಂದರೆ ಸಾಕು, ಹಳೇ ಜನರಲ್ ಮ್ಯಾನೇಜರ್ ಕೈಲ್ ಡೂಬಸ್‌ಗೆ ಬೈಗುಳ ಶುರು. ಮ್ಯಾಥ್ಯೂಸ್, ಟವಾರೆಸ್, ಮಾರ್ನರ್, ನೈಲ್ಯಾಂಡರ್ ಅಂತ ನಾಲ್ಕು ಜನಕ್ಕೆ ದುಡ್ಡು ಸುರಿದು ತಂಡ ಕೆಡಿಸಿದರು ಅಂತಾರೆ. ಆದರೆ 2004ರ ನಂತರ ಮೊದಲ ಪ್ಲೇಆಫ್ ಸರಣಿ ಗೆದ್ದಿದ್ದು 2023ರಲ್ಲಿ, ಅವರ ಕಾಲದಲ್ಲೇ ಅಲ್ವಾ? ಗೆದ್ದ ವರ್ಷವೇ ಯಾಕೆ ಕಳಿಸಿದರು?

ನಾಲ್ಕನೇ ಲೈನ್:
ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ನೈಲ್ಯಾಂಡರ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2018ರ ಡಿಸೆಂಬರ್ 1ರಂದು, ಗಡುವಿಗೆ ಕೆಲವೇ ನಿಮಿಷ ಇದ್ದಾಗ. ತಪ್ಪಿದ್ದರೆ ಆ ಸೀಸನ್ ಪೂರ್ತಿ ಆಡುವಂತಿರಲಿಲ್ಲ. ಆಗ ಊರೆಲ್ಲ ಜಾಸ್ತಿ ಕೊಟ್ಟರು ಅಂದಿತು. ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) ಲೆಕ್ಕಕ್ಕೆ ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್. 2022-23ರಲ್ಲಿ ಅದೇ ಹುಡುಗ 40 ಗೋಲ್ ಹೊಡೆದ. ಇದಕ್ಕಿಂತ ಅಗ್ಗ ಎಲ್ಲಿ ಸಿಗುತ್ತದೆ?

ನನಗೆ ಸಿಟ್ಟಿರುವುದು ಮಾರ್ನರ್ ಒಪ್ಪಂದದ ಮೇಲೆ. 2019ರ ಸೆಪ್ಟೆಂಬರ್, ವರ್ಷಕ್ಕೆ 1.09 ಕೋಟಿ, 6 ವರ್ಷ. ಅದೇ ತಿಂಗಳು ಆಮೇಲೆ ಕೊಲೊರಾಡೊ ತಂಡ ತನ್ನ ಆಟಗಾರ ರಾಂಟನೆನ್‌ರನ್ನು ಅಷ್ಟೇ ವರ್ಷಕ್ಕೆ 92.5 ಲಕ್ಷದಲ್ಲಿ ಮುಗಿಸಿತು. ಟ್ಯಾಂಪಾ ತಂಡ ತನ್ನ ಆಟಗಾರ ಬ್ರೇಡನ್ ಪಾಯಿಂಟ್‌ಗೆ ಕೊಟ್ಟಿದ್ದು 67.5 ಲಕ್ಷ, ಮೂರೇ ವರ್ಷಕ್ಕೆ. ಡೂಬಸ್ ಇನ್ನೆರಡು ವಾರ ಕಾಯಬಹುದಿತ್ತು. ಸೀಸನ್‌ಗೆ ಮುಂಚಿನ ತರಬೇತಿ ಕ್ಯಾಂಪ್ ಶುರುವಾಗುವಾಗ ಮಾರ್ನರ್ ಇರಲೇಬೇಕು ಅಂತ ಗಡಿಬಿಡಿ ಮಾಡಿದರು.

ಹಳೇ ಗೋಲಿ:
ಕೋವಿಡ್ ಮರೆತಿರಾ? 8.15 ಕೋಟಿಯ ಸ್ಯಾಲರಿ ಕ್ಯಾಪ್ ಅಲ್ಲೇ ನಿಂತುಬಿಟ್ಟಿತು. ಕ್ಯಾಪ್ ಏರುತ್ತದೆ ಅಂತ ನಂಬಿ ಬರೆದ ಒಪ್ಪಂದಗಳವು. ಅದನ್ನು ಯಾರು ಊಹಿಸಿದ್ದರು?

ನಾಲ್ಕನೇ ಲೈನ್:
ಒಪ್ಪಿದೆ. ಆದರೆ ಕ್ಯಾಪ್ ನಿಂತಿದ್ದು ಎಲ್ಲ ತಂಡಕ್ಕೂ. ನಾಲ್ವರು ಫಾರ್ವರ್ಡ್‌ಗಳೇ 4 ಕೋಟಿ ದಾಟಿದರು, ಅಂದರೆ ಅರ್ಧದಷ್ಟು. ಉಳಿದರ್ಧದಲ್ಲಿ ಗೋಲ್‌ಕೀಪರ್, ಡಿಫೆನ್ಸ್, ಮಿಕ್ಕವರೆಲ್ಲ. ಮ್ಯಾಥ್ಯೂಸ್‌ಗೆ 8 ವರ್ಷದ ಬದಲು 5 ಕೊಟ್ಟಿದ್ದೂ ನನಗೆ ಸರಿ ಕಾಣಲಿಲ್ಲ.

ಬಸವ, ಕೆಲಸ ಹೋಗಿದ್ದು ಮಾತ್ರ ಇದರಿಂದಲ್ಲ. ಮುಗಿಯುತ್ತಿದ್ದದ್ದು ಡೂಬಸ್ ಅವರದೇ ಕಾಂಟ್ರಾಕ್ಟ್. ಫ್ಲೋರಿಡಾ ವಿರುದ್ಧ ಸೋತ ಮೇಲೆ ಪತ್ರಕರ್ತರ ಮುಂದೆ ಕೂತು, ಈ ಕೆಲಸ ಮನೆಯವರಿಗೆ ಭಾರವಾಗಿದೆ ಅಂತ ಹೇಳಿಕೊಂಡರು. ಅಧ್ಯಕ್ಷ ಶ್ಯಾನಹನ್ ಅದುವರೆಗೆ ಉಳಿಸಿಕೊಳ್ಳುವ ಯೋಚನೆಯಲ್ಲಿದ್ದರು. ಆ ಮಾತು ಕೇಳಿ ಮನಸ್ಸು ಬದಲಾಯಿತು. ನಂತರ ಏಜೆಂಟ್ ಕಡೆಯಿಂದ ಹೊಸ ಹಣದ ಬೇಡಿಕೆ ಬಂತು. ಮೇ 19ಕ್ಕೆ ಬಾಗಿಲು ತೋರಿಸಿದರು. ಜೂನ್ 1ಕ್ಕೆ ಪುಣ್ಯಾತ್ಮ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್‌ನಲ್ಲಿ ಹಾಕಿ ವ್ಯವಹಾರದ ಅಧ್ಯಕ್ಷ!

ಬ್ರಾಂಪ್ಟನ್ ಬಸವ:
ಹಾಗಾದರೆ ಮಾರ್ನರ್‌ರನ್ನು ಆಮೇಲೆ ಬಂದವರು ಮಾರಬಹುದಿತ್ತಲ್ಲ?

ನಾಲ್ಕನೇ ಲೈನ್:
2023ರ ಜುಲೈ 1ರಿಂದ ಅವರ ಒಪ್ಪಿಗೆ ಇಲ್ಲದೆ ಕಳಿಸುವಂತಿರಲಿಲ್ಲ. ಆ ಷರತ್ತೂ ಡೂಬಸ್ ಬರೆದಿದ್ದೇ. ಡೂಬಸ್ ಜಾಗಕ್ಕೆ ಟ್ರೆಲಿವಿಂಗ್ ಬಂದಿದ್ದು ಅದಕ್ಕೆ ಒಂದೇ ತಿಂಗಳ ಮುಂಚೆ, ಮೇ 31ಕ್ಕೆ. ಕೊನೆಗೆ 2025ರಲ್ಲಿ ಮಾರ್ನರ್ ವೇಗಸ್‌ಗೆ ಹೋದರು, ಬದಲಿಗೆ ಸಿಕ್ಕಿದ್ದು ನಿಕೋಲಾ ರೊಯ್ ಒಬ್ಬರೇ. ಆಫೀಸಿನವರು ಬೈಯಲಿ, ಇದಕ್ಕೆ ಬೈಯಲಿ. ನೈಲ್ಯಾಂಡರ್ ಹೆಸರೆತ್ತಿದರೆ ಮಾತ್ರ ನನ್ನ ಹತ್ತಿರ ಕಳಿಸಿ.