ಪ್ರೊಬೇಷನ್ ಆಫೀಸಿನ ಚಾರ್ಜ್ ಸಿಗ್ತಾ ಇದೆ, ಮೊದಲು ಯಾವುದಕ್ಕೆ ಕೈ ಹಾಕಲಿ?

ಪೆರ್ಲದವಳು

ಎಲ್ಲರಿಗೂ ನಮಸ್ಕಾರ. ನಾನು ಸಾಮಾಜಿಕ ನ್ಯಾಯ ಇಲಾಖೆಯಲ್ಲಿ ಕೆಲಸದಲ್ಲಿದ್ದೇನೆ, ಊರು ಕಾಸರಗೋಡು ಜಿಲ್ಲೆಯ ಪೆರ್ಲ. ಸದ್ಯದಲ್ಲೇ ನನಗೆ ಜಿಲ್ಲೆಯ ಪ್ರೊಬೇಷನ್ ಆಫೀಸಿನ ಚಾರ್ಜ್ ಸಿಗುವ ಹಾಗಿದೆ, ಅಂದರೆ ತಪ್ಪು ಮಾಡಿದವರನ್ನು ಕೋರ್ಟು ಜೈಲಿಗೆ ಕಳಿಸದೆ, ಒಳ್ಳೆ ನಡತೆಯ ಬಾಂಡ್ (ಮುಚ್ಚಳಿಕೆ) ಬರೆಸಿಕೊಂಡು ಬಿಟ್ಟಾಗ ಅವರನ್ನು ನೋಡಿಕೊಳ್ಳುವ ಆಫೀಸು. ಕಾಯಿದೆ ಗೊತ್ತು, ಫೈಲ್ ಗೊತ್ತು. ಒಂದು ಆಫೀಸನ್ನು ನಡೆಸುವುದು ಬೇರೆಯೇ ಕೆಲಸ ಅಲ್ವಾ, ಅದಕ್ಕೇ ಕೇಳ್ತಾ ಇದ್ದೇನೆ.

ನಾನು ನೋಡಿದ ಮಟ್ಟಿಗೆ ತೊಂದರೆ ಹೀಗೆ. ಶಿಕ್ಷೆ ತೀರ್ಮಾನಿಸುವ ಮೊದಲು ಆರೋಪಿಯ ನಡತೆ, ಮನೆ ಬಗ್ಗೆ ಕೋರ್ಟು ಕೇಳುವ ವರದಿಗೆ ತಾರೀಕು ಇರುತ್ತದೆ. ಕೈದಿಯನ್ನು ಸ್ವಲ್ಪ ದಿನ ಮನೆಗೆ ಬಿಡಬಹುದಾ ಅಂತ ಜೈಲಿನಿಂದ ಬರುವ ಪರೋಲ್ ವಿಚಾರಣೆಗೂ ಆತುರ ಇರುತ್ತದೆ. ಆದರೆ ಬಾಂಡ್ ಮೇಲೆ ಬಿಟ್ಟ ಹುಡುಗನನ್ನು ಹೋಗಿ ನೋಡುವುದಕ್ಕೆ ಯಾರೂ ತಾರೀಕು ಹಾಕುವುದಿಲ್ಲ, ಹಾಗಾಗಿ ಅದೇ ಹಿಂದೆ ಬೀಳುತ್ತದೆ. ಅವನು ಬರುತ್ತಾನೆ, ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾನೆ, ಹೋಗುತ್ತಾನೆ. ನನಗೆ ಇದು ಮೇಲ್ವಿಚಾರಣೆ ಅಂತ ಒಪ್ಪಿಕೊಳ್ಳಲು ಮನಸ್ಸೇ ಬರುವುದಿಲ್ಲ.

ಇನ್ನೊಂದು, ನಮ್ಮ ಉತ್ತರದ ಕಡೆ, ಅಂದರೆ ಮಂಜೇಶ್ವರ, ವರ್ಕಾಡಿ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು ಕಡೆ ಮನೆಗಳಲ್ಲಿ ಕನ್ನಡ, ತುಳು, ಕೊಂಕಣಿ, ಮರಾಟಿ ಎಲ್ಲ ಉಂಟು. ಕೆಲಸಕ್ಕೆ ಬರುವವರಲ್ಲಿ ಎಷ್ಟೋ ಜನ ದಕ್ಷಿಣದ ಜಿಲ್ಲೆಯವರು, ಮಲಯಾಳ ಬಿಟ್ಟರೆ ಇಂಗ್ಲಿಷ್. ತಾಯಿ ಹೇಳಿದ್ದು ಒಂದು, ವರದಿಯಲ್ಲಿ ಬಂದದ್ದು ಇನ್ನೊಂದು ಆದರೆ ಶಿಕ್ಷೆಯೇ ಬದಲಾಗಬಹುದು.

ಅಮೆರಿಕದಲ್ಲಿ ಒಂದೊಂದು ಕೌಂಟಿಗೂ (ನಮ್ಮ ಜಿಲ್ಲೆಯ ಹಾಗೆ) ದೊಡ್ಡ ಪ್ರೊಬೇಷನ್ ಇಲಾಖೆ ಇದೆ ಅಂತ ಓದಿದ್ದೇನೆ. ಅಲ್ಲಿಂದ ನಮಗೆ ಕೆಲಸಕ್ಕೆ ಬರುವಂಥದ್ದು ಏನಾದರೂ ಇದೆಯಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಕುಂಬಳೆ ಮಾವ

ತಂಗೀ, ಒಳ್ಳೇದಾಗಲಿ. ನಾನು ಇದೇ ಕೆಲಸದಿಂದ ನಿವೃತ್ತಿಯಾದವನು. ಚಾರ್ಜ್ ತಗೊಂಡ ಮೇಲೆ ಮೊದಲು ಫೈಲ್ ನೋಡಬೇಡ, ನಿನ್ನ ಜನರ ಡೈರಿ ನೋಡು. ವಾರದಲ್ಲಿ ಎಷ್ಟು ಹೊತ್ತು ಮೇಜಿನ ಮುಂದೆ, ಎಷ್ಟು ಹೊತ್ತು ದಾರಿಯಲ್ಲಿ, ಎಷ್ಟು ಹೊತ್ತು ಆ ಹುಡುಗನ ಜೊತೆ. ಮೂರನೆಯದ್ದನ್ನು ಹೆಚ್ಚು ಮಾಡುವುದೇ ಯಜಮಾನಿಕೆ. ಉಳಿದದ್ದು ಗುಮಾಸ್ತರ ಕೆಲಸ.

ಮನೆಗೆ ಹೋಗುವುದನ್ನು ಹೊಸಬರಿಗೆ ನೀನೇ ಜೊತೆಗೆ ಕರಕೊಂಡು ಹೋಗಿ ಕಲಿಸಬೇಕು. ಇಲಾಖೆಯ ಬೋರ್ಡ್ ಇರುವ ಜೀಪನ್ನು ಅಂಗಳದವರೆಗೆ ತಗೊಂಡು ಹೋಗಬಾರದು. ತಿರುವಿನ ಅಂಗಡಿಯಲ್ಲಿ ನಿಂತು ಇಂಥವನ ಮನೆ ಎಲ್ಲಿ ಅಂತ ಕೇಳಬಾರದು, ಕೇಳಿದ ಅರ್ಧ ಗಂಟೆಗೆ ಊರಿಗೆಲ್ಲ ಸುದ್ದಿ. ವಾರ್ಡ್ ಮೆಂಬರ್ ಹತ್ತಿರವೋ ಆಶಾ ಕಾರ್ಯಕರ್ತೆ ಹತ್ತಿರವೋ ದಾರಿ ಮಾತ್ರ ಕೇಳಿಕೊಂಡು, ಕಾರಣ ಹೇಳದೆ, ತೋಟದ ಬದಿಯಿಂದ ನಡೆದು ಹೋಗಬೇಕು. ಮಧ್ಯಾಹ್ನ ಕಳೆದು ಹೋದರೆ ತಾಯಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಕೈಗೆ ಕೆಲಸ ಇದ್ದಾಗ ಬಾಯಿ ತೆರೆಯುತ್ತದೆ. ಆಗ ಪೆನ್ನು ಹೊರಗೆ ತೆಗೆಯಬಾರದು. ತುಳುವಿನಲ್ಲಿ ನಾಲ್ಕು ಮಾತಾಡಿದರೆ ಸಾಕು, ಮಗ ಯಾರ ಜೊತೆ ತಿರುಗುತ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾನೆ, ಯಾವಾಗ ಶಾಲೆ ಬಿಟ್ಟ, ಎಲ್ಲ ತಾನಾಗಿ ಬರುತ್ತದೆ. ನಮ್ಮ 1958ರ ಪ್ರೊಬೇಷನ್ ಕಾಯಿದೆಯ 7ನೇ ಸೆಕ್ಷನ್ ಪ್ರಕಾರ ವರದಿ ಗೌಪ್ಯ. ಆ ಗೌಪ್ಯತೆ ಕವರಿಗೆ ಸೀಲ್ ಹಾಕುವಲ್ಲಿ ಶುರುವಾಗುವುದಲ್ಲ, ಅಂಗಡಿಯ ತಿರುವಿನಲ್ಲೇ ಶುರುವಾಗುತ್ತದೆ.

ಇನ್ನು ಕೆಲಸ ಹುಡುಕಿ ಕೊಡುವ ವಿಷಯ. 14ನೇ ಸೆಕ್ಷನಿನಲ್ಲಿ ಅದು ನಮ್ಮ ಕರ್ತವ್ಯ ಅಂತಲೇ ಬರೆದಿದೆ, ಆದರೆ ಜಾಸ್ತಿ ಕಡೆ ಯಾರೂ ಮುಟ್ಟುವುದಿಲ್ಲ. ನಮ್ಮ ಹುಡುಗರು ಬೆಳಗ್ಗೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರು. ಬಾಂಡಿನಲ್ಲಿ ವಾಸಸ್ಥಳದ ಷರತ್ತು ಹಾಕಿ, ಊರು ಬಿಟ್ಟು ಹೋಗಬಾರದು ಅಂತ ಸುಮ್ನೆ ಒಂದು ಸಾಲು ಸೇರಿಸಿಬಿಟ್ಟರೆ ಅವನ ಸಂಬಳವೇ ನಿಂತಿತು. ಅಂಥ ಕೇಸಿನಲ್ಲಿ ವರದಿಯಲ್ಲೇ ಮೊದಲೇ ಬರೆಯಬೇಕು, ಇವನ ದುಡಿಮೆ ಗಡಿಯಾಚೆ, ಷರತ್ತು ಹಾಕುವಾಗ ಇದನ್ನು ಗಮನಿಸಬೇಕು ಅಂತ. ಷರತ್ತು ಬಿದ್ದ ಮೇಲೂ ದಾರಿ ಇದೆ, 8ನೇ ಸೆಕ್ಷನಿನಲ್ಲಿ ನೀನೇ ಅರ್ಜಿ ಹಾಕಿ ಬದಲಿಸಿಕೊಡು ಅಂತ ಕೋರ್ಟನ್ನು ಕೇಳಬಹುದು.

ಬದಿಯಡ್ಕ ಟು ಕ್ಯಾಲಿಫೋರ್ನಿಯಾ

ಅಕ್ಕಾ, ನಾನು ಇಲ್ಲಿ ಒಂದು ಕೌಂಟಿಯ ಪ್ರೊಬೇಷನ್ ಇಲಾಖೆಯಲ್ಲಿ ಆಫೀಸರ್. ಊರು ಬದಿಯಡ್ಕ, ಹಾಗಾಗಿ ನೀವು ಹೇಳುವ ಪ್ರತಿ ಊರೂ ಕಣ್ಣಮುಂದೆ ಬರುತ್ತದೆ.

ಇಲ್ಲಿ ಇಲಾಖೆಯ ಮುಖ್ಯಸ್ಥರನ್ನು ಚೀಫ್ ಪ್ರೊಬೇಷನ್ ಆಫೀಸರ್ ಅನ್ನುತ್ತಾರೆ. ಹೆಚ್ಚಿನ ಕೌಂಟಿಗಳಲ್ಲಿ ಅವರನ್ನು ನೇಮಿಸುವವರು ನ್ಯಾಯಾಧೀಶರು, ಕೆಲವು ಕಡೆ ಕೌಂಟಿ ಮಂಡಳಿ. ಅಂದರೆ ಚೀಫ್‌ಗೆ ಇಬ್ಬರು ಯಜಮಾನರು, ಆದೇಶ ಕೋರ್ಟಿನದ್ದು, ದುಡ್ಡು ಮಂಡಳಿಯದ್ದು. ಕೇಸಿನಲ್ಲಿ ಸಿಕ್ಕಿದ ಮಕ್ಕಳನ್ನು ಇಡುವ ಜುವೆನೈಲ್ ಹಾಲ್ ಕೂಡ ಸಾಮಾನ್ಯವಾಗಿ ಅವರ ಕೈಕೆಳಗೇ. 2011ರಲ್ಲಿ ಇಲ್ಲಿಯ ಜೈಲುಗಳು ತುಂಬಿ ತುಳುಕುತ್ತಿದ್ದವು, ಅಮೆರಿಕದ ಸುಪ್ರೀಂ ಕೋರ್ಟ್ ಜನ ಕಡಿಮೆ ಮಾಡಲೇಬೇಕು ಎಂದಿತು. ಅದೇ ವರ್ಷ, ಗಂಭೀರವಲ್ಲದ ಮತ್ತು ಹಿಂಸೆಯಿಲ್ಲದ ಅಪರಾಧಕ್ಕೆ ಒಳಗೆ ಹೋಗಿ ಹೊರಬಂದವರನ್ನು ನೋಡಿಕೊಳ್ಳುವ ಕೆಲಸವನ್ನು ರಾಜ್ಯ ಕೌಂಟಿಗಳಿಗೆ ದಾಟಿಸಿತು. ಅದಕ್ಕೂ ಮೊದಲು 2009ರ ಕಾನೂನು ಒಂದು ಒಳ್ಳೆ ಕೆಲಸ ಮಾಡಿತ್ತು. ಪ್ರೊಬೇಷನ್‌ನಲ್ಲಿದ್ದವರು ಎಡವಿ ಮತ್ತೆ ಜೈಲಿಗೆ ಹೋಗುವುದು ಕಡಿಮೆಯಾದರೆ, ರಾಜ್ಯಕ್ಕೆ ಉಳಿದ ದುಡ್ಡಿನಲ್ಲಿ ಕೌಂಟಿಗೂ ಪಾಲು. ಆಗ ಚೀಫ್‌ಗಳಿಗೆ ಆಫೀಸರುಗಳನ್ನು ಬೇರೆ ರೀತಿ ಕೆಲಸ ಮಾಡಿಸುವ ಧೈರ್ಯ ಬಂತು.

ನಿಮಗೆ ಬೇಕಾದ ವಿಷಯ ಇದು: ಎಲ್ಲರನ್ನೂ ಒಂದೇ ಸಮ ನೋಡಬೇಡಿ. ಇಲ್ಲಿ ಮೊದಲ ಭೇಟಿಯಲ್ಲೇ ಒಂದು ಅಂದಾಜು ಮಾಡುತ್ತೇವೆ, ಇವನು ಮತ್ತೆ ತಪ್ಪುವ ಸಾಧ್ಯತೆ ಎಷ್ಟು, ಯಾವುದರಿಂದ, ಕುಡಿತವೋ ಸಹವಾಸವೋ ಕೆಲಸ ಇಲ್ಲದ್ದೋ. ಅಮೆರಿಕದ ಪ್ರೊಬೇಷನ್ ಮತ್ತು ಪರೋಲ್ ಸಂಘದ ಸಲಹೆ ಪ್ರಕಾರ ತೀವ್ರ ನಿಗಾ ಬೇಕಾದವರು ಒಬ್ಬ ಆಫೀಸರಿಗೆ 20 ಜನ, ಮಧ್ಯಮದಿಂದ ಹೆಚ್ಚು ಅಪಾಯದವರು 50, ಕಡಿಮೆ ಅಪಾಯದವರು 200. ಕಡಿಮೆ ಅಪಾಯದವನನ್ನು ವಾರವಾರ ಕರೆಸಿದರೆ ಅವನ ಕೆಲಸ ಹಾಳು, ಕಾಯುವ ಬೆಂಚಿನಲ್ಲಿ ಬೇಡದವರ ಪರಿಚಯ ಬೇರೆ. ಅವನು ಮೊದಲಿಗಿಂತ ಕೆಡುತ್ತಾನೆ ಅಂತ ಇಲ್ಲಿಯ ಅಧ್ಯಯನಗಳು ತೋರಿಸಿವೆ, ನಾನು ಕೂಡ ಕಣ್ಣಾರೆ ಕಂಡಿದ್ದೇನೆ. 2021ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಸಣ್ಣ ಅಪರಾಧಗಳಿಗೆ ಪ್ರೊಬೇಷನ್ 1 ವರ್ಷ, ದೊಡ್ಡವುಗಳಿಗೆ 2 ವರ್ಷ ಅಂತ ಮಿತಿಯನ್ನೇ ಹಾಕಿದ್ದಾರೆ.

ವಿದ್ಯಾನಗರದ ವಕೀಲ

ಮೇಲಿನವರ ಮಾತು ಸರಿ, ಆದರೆ 20, 50, 200 ಅನ್ನುವ ಲೆಕ್ಕ ಇಲ್ಲಿಗೆ ಹಾಗೇ ತಂದು ಕೂರಿಸಲು ಆಗುವುದಿಲ್ಲ. ಅಲ್ಲಿ ಒಂದು ಇಲಾಖೆ, ಆಫೀಸರುಗಳ ದಂಡು. ನಮ್ಮಲ್ಲಿ ಒಂದು ಜಿಲ್ಲೆಗೆ ಬೆರಳೆಣಿಕೆಯ ಜನ, ಅವರೇ ಪರೋಲ್ ವರದಿಗೂ ಓಡಬೇಕು. ನಮ್ಮ ಕಷ್ಟದ ಬೇರು ಇನ್ನೂ ಮೇಲೆ ಇದೆ. ಎಷ್ಟೋ ಕೇಸಿನಲ್ಲಿ ಪ್ರೊಬೇಷನ್ ಮಾತೇ ಬರುವುದಿಲ್ಲ. 1958ರ ಕಾಯಿದೆಯ 6ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ, 21 ವರ್ಷದ ಒಳಗಿನವನನ್ನು, ಜೀವಾವಧಿಯಷ್ಟು ದೊಡ್ಡ ಅಪರಾಧ ಅಲ್ಲದಿದ್ದರೆ, ಜೈಲಿಗೆ ಕಳಿಸುವ ಮೊದಲು ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ನೋಡಬೇಕು. ಕಳಿಸುವುದಾದರೆ ಕಾರಣ ಬರೆಯಬೇಕು. ಇದನ್ನು ವಕೀಲರೇ ಕೇಳುವುದಿಲ್ಲ, ಖುಲಾಸೆ ಸಿಗುತ್ತದೆ ಎಂಬ ಆಸೆಯಲ್ಲಿ ಕೊನೆಯವರೆಗೂ ವಾದಿಸಿ, ತೀರ್ಪು ಬಂದ ಮೇಲೆ ಒಂದೇ ನಿಮಿಷದಲ್ಲಿ ಕರುಣೆ ತೋರಿಸಿ ಅನ್ನುತ್ತಾರೆ. ಹಾಗಾಗಿ ಮೇಡಂ, ನೀವು ಬಂದ ಕೂಡಲೇ ಕಾಸರಗೋಡು ಮತ್ತು ಹೊಸದುರ್ಗದ ವಕೀಲರ ಜೊತೆ ಕೂತು ಮಾತಾಡಿ. 12ನೇ ಸೆಕ್ಷನ್ ಬಗ್ಗೆ ಹೇಳಿ, ಪ್ರೊಬೇಷನ್ ಸಿಕ್ಕಿದವನಿಗೆ ಅಪರಾಧ ಸಾಬೀತಾದ ಕಾರಣಕ್ಕೆ ಬರುವ ಕಾನೂನಿನ ಅನರ್ಹತೆ ಅಂಟುವುದಿಲ್ಲ. ಕಾಲೇಜು ಹುಡುಗನಿಗೆ ಅದಕ್ಕಿಂತ ದೊಡ್ಡದು ಇನ್ನೇನು ಬೇಕು?

2024ರ ಜುಲೈ 1ರಿಂದ ಇನ್ನೊಂದು ಬಂದಿದೆ. ಹಳೆ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಈಗ ಒಂದು ಶಿಕ್ಷೆ. 5000 ರೂಪಾಯಿಗಿಂತ ಕಡಿಮೆಯ ಮೊದಲ ಕಳ್ಳತನ, ವಸ್ತುವೋ ಹಣವೋ ವಾಪಸು ಕೊಟ್ಟರೆ. ಸಾರ್ವಜನಿಕ ಜಾಗದಲ್ಲಿ ಕುಡಿದು ಗಲಾಟೆ. ಮಾನಹಾನಿ. ಇನ್ನೂ ಕೆಲವು. ಸಂಬಳವಿಲ್ಲದ, ಸಮುದಾಯಕ್ಕೆ ಉಪಯೋಗವಾಗುವ ಕೆಲಸ ಅಂತ ಕಾನೂನು ಹೇಳಿತು, ಆದರೆ ಎಲ್ಲಿ, ಯಾರ ಕಣ್ಣಮುಂದೆ, ಎಷ್ಟು ಹೊತ್ತು ಅನ್ನುವುದು ಪ್ರತಿ ಆದೇಶದಲ್ಲೂ ತೀರ್ಮಾನ ಆಗಬೇಕು. ಮ್ಯಾಜಿಸ್ಟ್ರೇಟ್ ಮುಂದೆ ಒಂದು ಪಟ್ಟಿ ಇದ್ದರೆ ಆದೇಶ ಬರೆಯುವುದು ಸುಲಭ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರ, ಯಾವ ಪಂಚಾಯತ್ ಲೈಬ್ರರಿ, ಯಾವ ಪಾಲಿಯೇಟಿವ್ ಘಟಕ ಜನ ತಗೊಳ್ಳಲು ತಯಾರು, ಅಲ್ಲಿ ಹಾಜರಿ ಬರೆಯುವವರು ಯಾರು. ಒಂದು ಮಾತು ಮಾತ್ರ ದಯವಿಟ್ಟು ನೆನಪಿಡಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಪೊರಕೆ ಕೊಟ್ಟು ಫೋಟೋ ತೆಗೆಸುವುದು ಸೇವೆ ಅಲ್ಲ, ಅವಮಾನ. ಅದನ್ನು ತಡೆಯುವ ಜವಾಬ್ದಾರಿಯನ್ನು ನೀವೇ ತಗೊಳ್ಳಬೇಕು.

ಪೆರ್ಲದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವ, ಷರತ್ತು ಬದಲಿಸಲು 8ನೇ ಸೆಕ್ಷನ್ ಅಂದಿರಲ್ಲ, ಅದೇ ಸೆಕ್ಷನಿನಲ್ಲಿ ಬಾಂಡನ್ನೇ ಬೇಗ ಮುಗಿಸಲೂ ಆಗುತ್ತದಾ? ಹಾಗೆ ಆಗುವುದಾದರೆ, ಎಲ್ಲರನ್ನೂ ಒಂದೇ ಸಮ ನೋಡಬೇಡಿ ಅಂತ ಬದಿಯಡ್ಕದವರು ಹೇಳಿದ್ದನ್ನು ಇಲ್ಲಿ ಬೇರೆ ದಾರಿಯಲ್ಲಿ ಮಾಡಬಹುದು ಅನ್ನಿಸಿತು. ಭಾಷೆಯ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ.

ಕುಂಬಳೆ ಮಾವ

ಆಗುತ್ತದೆ ತಂಗೀ. ನಡತೆ ಚೆನ್ನಾಗಿದೆ, ಇನ್ನು ಮೇಲ್ವಿಚಾರಣೆ ಬೇಡ ಅಂತ ನೀನು ಅರ್ಜಿ ಹಾಕಿದರೆ, ಕೋರ್ಟಿಗೆ ಸರಿ ಕಂಡರೆ ಬಾಂಡಿನಿಂದ ಬಿಡುಗಡೆ ಮಾಡಬಹುದು. ಮೇಲ್ವಿಚಾರಣೆಯ ಆದೇಶ 1 ವರ್ಷಕ್ಕಿಂತ ಕಡಿಮೆ ಇರಬಾರದು, ಬಾಂಡ್ 3 ವರ್ಷದವರೆಗೆ ಹೋಗಬಹುದು. ಮೂರು ವರ್ಷದ ಬಾಂಡಿನಲ್ಲಿರುವ, ಮದುವೆಯಾಗಿ ನೆಟ್ಟಗೆ ದುಡಿಯುತ್ತಿರುವ ಹುಡುಗನನ್ನು ಕೊನೆಯ ದಿನದವರೆಗೂ ಸಹಿ ಹಾಕಿಸುತ್ತಾ ಕೂರಿಸುವುದು ಯಾರಿಗೆ ಲಾಭ? ಅಂಥವರ ಪಟ್ಟಿ ಮಾಡು, ಅರ್ಜಿ ಹಾಕು. ಉಳಿದ ಹೊತ್ತು ಮಾದಕ ವಸ್ತುವಿನ ಸಹವಾಸದಲ್ಲಿ ಸಿಕ್ಕಿಬಿದ್ದವನ ಮನೆಗೆ ಹೋಗು. ಜನ ಹೆಚ್ಚು ಕೊಡದಿದ್ದರೂ ಹೊತ್ತು ಹೀಗೆ ಸಿಗುತ್ತದೆ.

ವರ್ಕಾಡಿ ಅಕ್ಕ

ಭಾಷೆಯ ಬಗ್ಗೆ ನಾನು ಹೇಳುತ್ತೇನೆ. ನನ್ನ ತಮ್ಮ ಒಂದು ಹೊಡೆದಾಟದ ಕೇಸಿನಲ್ಲಿ ಬಾಂಡ್ ಮೇಲೆ ಇದ್ದವನು. ಕನ್ನಡ ಮೀಡಿಯಂನಲ್ಲಿ ಓದಿದವನು, ಮಲಯಾಳ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಷರತ್ತಿನ ಕಾಗದವನ್ನು ಅವನು ಮಡಚಿ ಮೊಬೈಲ್ ಕವರಿನೊಳಗೆ ಇಟ್ಟುಕೊಂಡು ತಿರುಗಾಡಿದ, ಒಳಗೆ ಏನಿದೆ ಅಂತ ಗೊತ್ತಿಲ್ಲದೆ. ಒಂದು ಸಲ ಬರಬೇಕಾದ ದಿನ ತಪ್ಪಿಹೋಯಿತು. ಆಮೇಲೆ ಬಂದ ಹೊಸ ಆಫೀಸರ್ ಮೇಡಂ ಒಂದು ಒಳ್ಳೆ ಕೆಲಸ ಮಾಡಿದರು, ಷರತ್ತುಗಳನ್ನೆಲ್ಲ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ಬರಬೇಕಾದ ತಾರೀಕು ಹಾಕಿ, ಅವನ ಕೈಯಲ್ಲೇ ಒಮ್ಮೆ ಜೋರಾಗಿ ಓದಿಸಿದರು. ಆ ಮೇಲೆ ಒಂದು ದಿನವೂ ತಪ್ಪಲಿಲ್ಲ. ಅಮ್ಮ ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದರು, ಹಾಗಾಗಿ ಮನೆಯವರೆಲ್ಲ ನೆನಪು ಮಾಡುತ್ತಿದ್ದೆವು.

ವಿದ್ಯಾನಗರದ ವಕೀಲ

ವರ್ಕಾಡಿ ಅಕ್ಕ ಹೇಳಿದ್ದಕ್ಕೆ ಕಾನೂನಿನ ಬಲವೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆ ಕನ್ನಡಿಗರು ಸ್ಥಳೀಯ ಸರಕಾರಿ ಆಫೀಸುಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮೇಡಂ, ನಿಮ್ಮ ಆಫೀಸಿನ ಫಾರಂಗಳ ಕನ್ನಡ ಪ್ರತಿ ಮಾಡಿಸುವಾಗ ಈ ಕಾಯಿದೆಯನ್ನು ಉಲ್ಲೇಖಿಸಿ ಮೇಲಿನವರಿಗೆ ಪತ್ರ ಬರೆಯಿರಿ, ಯಾರೂ ಬೇಡ ಅನ್ನಲಾರರು. ಕರಡು ಬೇಕಿದ್ದರೆ ಭಾನುವಾರ ನಾನು ಬರೆದು ಇಲ್ಲೇ ಹಾಕುತ್ತೇನೆ, 8ನೇ ಸೆಕ್ಷನಿನ ಅರ್ಜಿಯ ಮಾದರಿಯನ್ನೂ ಜೊತೆಗೆ.